ಉಳಿದದ್ದು ಬರೀ ಆಕಾಶ

ಮಗಳು ಮೂರನೇ ಸಲ ಮುರಿದ ಕನ್ನಡಕವನ್ನು ರಿಪೇರಿಗೆ ಕೊಟ್ಟು ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಇಬ್ಬರು ಅಕ್ಕತಂಗಿಯರು. ಅಕ್ಕನ ಮಡಿಲಲ್ಲಿ ಅರ್ಧ ಕಸೂತಿಯಾದ ತೊಟ್ಟಿಲ ಹೊದಿಕೆ.

“ಹೆರಿಗೆಗೆ ಹದಿನೈದೇ ದಿನ ಅಕ್ಕಾ. ಇದು ನನ್ನ ಮೊಮ್ಮಗುವಿನ ತೊಟ್ಟಿಲಿಗೋ, ಮದುವೆಗೋ?”

“ತೊಟ್ಟಿಲಿಗೇ ಕಣೇ. ಮಾತು ಕೊಟ್ಟಿಲ್ವಾ?”

“ಉಳಿದಿರೋದು ಬರೀ ಆಕಾಶ ತಾನೇ?”

“ಅದೇ ಎಡವಟ್ಟಾಗಿದ್ದು. ಆನೆ, ನವಿಲು, ಮೀನು ಅಂತ ಖುಷಿ ಕೊಡೋದನ್ನೆಲ್ಲ ಮೊದಲೇ ಹಾಕಿ ಮುಗಿಸ್ಬಿಟ್ಟೆ. ಈಗ ಬರೀ ನೀಲಿ. ಸೂಜಿ ಹಿಡಿದ್ರೆ ಆಕಳಿಕೆ.”

“ನಾನು ತುಂಬಿಸ್ಲಾ?”

“ನಿನ್ನ ಹೊಲಿಗೆ ನೋಡಿದ್ರೆ ಮಗು ಹೊಟ್ಟೆಯಿಂದ ಆಚೆಗೇ ಬರಲ್ಲ. ನಾನೇ ಒಂದು ಉಪಾಯ ಮಾಡಿದೀನಿ. ಮೊನ್ನೆ ನಾನು ಹಾಕಿದ್ದ ನವಿಲನ್ನೇ ಬಿಚ್ಚಿ ಹಾಕ್ದೆ.”

“ಅಯ್ಯೋ, ಚೆನ್ನಾಗಿತ್ತಲ್ಲಕ್ಕಾ!”

“ಅದಕ್ಕೇ ಬಿಚ್ಚಿದ್ದು. ಆಕಾಶ ಮುಗಿಸಿದ್ಮೇಲೇ ನವಿಲು ಅಂತ ನನಗೆ ನಾನೇ ಆಸೆ ತೋರಿಸ್ಕೊಂಡಿದೀನಿ. ಎರಡೇ ದಿನಕ್ಕೆ ಎರಡು ಗೇಣು ಆಕಾಶ ಆಯ್ತು, ನೋಡು!”

ಅಷ್ಟರಲ್ಲಿ ಅಂಗಡಿಯವರು ಅಕ್ಕನ ಹೊಸ ಕನ್ನಡಕ ತಂದುಕೊಟ್ಟರು. ಆಕೆ ಹಾಕಿಕೊಂಡು ಹೊದಿಕೆಯನ್ನು ಹತ್ತಿರ ಹಿಡಿದರು.

“ಅಲ್ವೇ, ಈ ಆನೆ ಕಣ್ಣು ಸೊಟ್ಟಗಿದೆಯಲ್ಲೇ?”

“ಇರ್ಲಿ ಬಿಡು! ಅದನ್ನ ಮುಟ್ಟಿದ್ರೆ ನೋಡು!” ಎಂದು ತಂಗಿ ಹೊದಿಕೆಯನ್ನು ಕಸಿದುಕೊಂಡು ಎದ್ದರು.

“ಒಂದೇ ಒಂದು ಕಣ್ಣು ಕಣೇ...” ಎನ್ನುತ್ತ ಅಕ್ಕ ನಗುನಗುತ್ತಲೇ ಹಿಂದೆ ಓಡಿದರು.