ಪರದೆಯ ಮೂಲೆಯ ಪ್ಲಾಸ್ಟರ್

…ನೆಲ ನೋಡ್ಬೇಡ, ನೆಲದಲ್ಲೇನೂ ಬರೆದಿಲ್ಲ. ನನ್ನನ್ನ ನೋಡು. ಏಯ್, ಕೂರಬೇಡ! ಆ ಕುರ್ಚಿ ರೋಗಿಗಳಿಗೆ.

ಈ ಹಲ್ಲಿನ ಆಸ್ಪತ್ರೆ ತೆರೆದಾಗಿನಿಂದ ತೆಗೆದ ಎಕ್ಸ್‌ರೇ... ಒಂದಾದ್ರೂ ತೆರೀತಿದ್ಯಾ? ಯಾವ ಊರಿನ ಕಳ್ಳನೋ ವೈರಸ್ ಬಿಟ್ಟು ಎಲ್ಲಕ್ಕೂ ಬೀಗ ಜಡಿದು ಕೂತಿದ್ದಾನೆ. ಹೊರಗೆ ಬೆಂಚಲ್ಲಿ ಟೀಚರಮ್ಮ ಕೆನ್ನೆ ಹಿಡ್ಕೊಂಡಿದ್ದಾರೆ. ಹಲ್ಲು ಅರ್ಧ ಕೊರೆದು ಬಿಟ್ಟಿದ್ದೀನಿ. ಬೇರು ಎತ್ತ ತಿರುಗಿದೆ ಅಂತ ಟಾರ್ಚ್ ಬಿಟ್ಟು ಊಹೆ ಮಾಡ್ಲಾ? ಏನು, ಇನ್ನೊಂದ್ಸಲ ತೆಗೀಬಹುದಾ? ಯಾವುದರಲ್ಲಿ ತೆಗೀಲಿ? ಆ ಯಂತ್ರದ ಕಂಪ್ಯೂಟರೂ ಸತ್ತಿದೆ ಮಹಾರಾಯ!

ಕಂಪ್ಯೂಟರ್ ನೋಡ್ಕೊಳ್ಳೋನು ನೀನು. ಅಪ್‌ಡೇಟ್ ಹಾಕಿದ್ದಿದ್ರೆ ಕಳ್ಳ ನುಗ್ಗಿದ ಕಿಂಡಿ ಎಂದೋ ಮುಚ್ಚಿರ್ತಿತ್ತು ಅಂತ ರಿಪೇರಿಯವನು ಬೆಳಿಗ್ಗೆ ಎಲ್ಲರೆದುರು ಹೇಳ್ದ. ಯಾಕೆ ಹಾಕ್ಲಿಲ್ಲ? ...ನಾನು ಬೇಡ ಅಂದೆನಾ? ನಾನಾ?!

ಬೇಡ ಅನ್ಲಿಲ್ಲ. 'ಆಮೇಲೆ' ಅಂದೆ. ಒಂದ್ಸಲ ಹಾಕಿದ್ಯಲ್ಲ, ಮರೆತ್ಯಾ? ಡ್ರಿಲ್ ಹಿಡ್ಕೊಂಡು ನಾನು, ಬಾಯಿ ತೆರ್ಕೊಂಡು ರೋಗಿ, ಪರದೆ ಮೇಲೆ ಆ ಹಾಳು ಚಕ್ರ ತಿರುಗ್ತಾನೇ ಇತ್ತು! ನನ್ನ ಮಾನ ಹೋಯ್ತು ಅವತ್ತು. 'ಆಸ್ಪತ್ರೆ ಮುಚ್ಚಿದ್ಮೇಲೆ ಕೂತು ಹಾಕ್ತೀನಿ, ಕೀಲಿಕೈ ಕೊಡಿ ಭಾವ' ಅಂತ ಗೋಗರೆದೆ ನೀನು. ನಿನ್ನ ಕೈಗೆ ಕೀಲಿಕೈ! ಕೆಲಸ ಕೊಟ್ಟಿದ್ದು ನಿನ್ನಕ್ಕನ ಮುಖ ನೋಡಿ ಕಣೋ, ನಿನ್ನ ಮುಖ ನೋಡಿ ಅಲ್ಲ.

ಈಗ ಹೊರಗೆ ಹೋಗಿ ಕಾಯ್ತಿರೋರ ಮುಂದೆ ನಿಂತ್ಕೋ. 'ತಪ್ಪೆಲ್ಲ ನನ್ನದೇ, ಡಾಕ್ಟರಿಗೆ ಏನೂ ಗೊತ್ತಿರ್ಲಿಲ್ಲ' ಅನ್ನು. ಕೈ ಮುಗಿದು ಅನ್ನು. ಆಮೇಲೆ ನಿನ್ನ ದಾರಿ ನಿನಗೆ. ...ಗೊತ್ತಿರ್ಲಿಲ್ಲ ಅಂದ್ರೆ ಗೊತ್ತಿರ್ಲಿಲ್ಲ! ಅಪ್‌ಡೇಟ್ ಬಂದಿದೆ ಅನ್ನೋ ಸೂಚನೆ ನನ್ನ ಪರದೆ ಮೇಲೆ ಒಂದೇ ಒಂದ್ಸಲಾನೂ ಕಂಡಿಲ್ಲ. ದೇವರಾಣೆ.

ಎಲ್ಲಿ ನೋಡ್ತಿದ್ದೀಯಾ? ಪರದೇಲೇನಿದೆ? ಮೂಲೇಲಾ? ಅದು... ಅದು ಪ್ಲಾಸ್ಟರ್. ಗಾಯಕ್ಕೆ ಹಾಕ್ತೀವಲ್ಲ, ಅದು. ಬಿರುಕು ಬಿಟ್ಟಿತ್ತೇನೋ, ನರ್ಸಮ್ಮ ಅಂಟಿಸಿರ್ಬೇಕು. ಸೂಚನೆ ಬರೋದು ಅದೇ ಮೂಲೇಲಿ ಅಂತ ನಾನೇನು ಕನಸು ಕಂಡಿದ್ನಾ?

ಕೈ ತೆಗಿ. ಮುಟ್ಬೇಡ ಅಂದೆ! ಹಾಗೆ ಉಗುರಲ್ಲಿ ಕೆರೆದ್ರೆ ಬರಲ್ವೋ ಮಂಕೇ, ನಾನು ಎರಡು ಪದರ ಹಾಕಿ ಒತ್ತಿ ಅಂಟಿಸಿದ್ದು...

...

ಏನೋ ಹಾಗೆ ನೋಡ್ತೀಯ? ಬೈಯೋದಾದ್ರೆ ಬೈ.

ಸರಿ. ನಾನೇ. ಸಂತೋಷಾನಾ? ದಿನಾ ಬಂದು ತಲೆ ತಿಂತಿತ್ತು, ಮುಚ್ಚಿದೆ.

ಬಾಗಿಲು ಹಾಕು. ಹತ್ರ ಬಾ... ಇನ್ನೂ ಹತ್ರ. ಸಂಜೆ ನಾನು ಮನೆಗೆ ಹೋದಾಗ ಬಾಗಿಲು ತೆಗೆಯೋಳು ನಿನ್ನಕ್ಕ. ಇವತ್ತು ತೆಗೆದ್ಮೇಲೆ ಅವಳಿಗೇನಾಗುತ್ತೆ ಅನ್ನೋದು, ಈಗ ನೀನು ಹೊರಗೆ ಏನು ಹೇಳ್ತೀಯ ಅನ್ನೋದರ ಮೇಲಿದೆ.

ಹ್ಞಾಂ... ಜಾಣ. ಕಿತ್ತ ಪ್ಲಾಸ್ಟರ್ ಇಲ್ಲಿ ಕೊಡು. ಕಣ್ಣೊರೆಸ್ಕೋ.

ಟೀಚರಮ್ಮನಿಂದ ಶುರು ಮಾಡು.