ಮೇಷ್ಟ್ರ ಹೆಸರಿನ ಎರಡು ಸಾಲು

ಈ ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 23, ಸಾಹಿತ್ಯ ಪದವೀಧರೆ, ಉದ್ಯೋಗ ನಿಘಂಟು ಕಚೇರಿಯಲ್ಲಿ ಕರಡು ತಿದ್ದುವುದು, ವಾಸ ಕಚೇರಿಯ ಹಿಂದಿನ ಬೀದಿಯಲ್ಲಿ ಸೋದರತ್ತೆಯ ಮನೆಯ ಮಹಡಿ, ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ. ವಯಸ್ಸು 51. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಏನು ಕೇಳಿದರೂ ಮೊದಲಿನಿಂದ ಹೇಳಿಕೊಡುತ್ತಾರೆ, ಅದಕ್ಕೆ ಆ ಹೆಸರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಮೇಷ್ಟ್ರು ಕಾಣೆಯಾಗಿದ್ದಾರೆಂದು ಭಾನುವಾರ ಇದೇ ಠಾಣೆಗೆ ದೂರು ಕೊಟ್ಟವರು ಅವರೇ.

ತಾರೀಖು 10, ಶನಿವಾರ, ಮಧ್ಯಾಹ್ನ 3 ಗಂಟೆಗೆ 612ನೇ ಪುಟದ ಕರಡಿನಲ್ಲಿ ಒಂದು ತಪ್ಪು ಕಂಡೆ. ವರ್ಣಮಾಲೆಯ ಕೊನೆಯಲ್ಲಿ ಬರಬೇಕಾದ ಳ, ಲ ಆದ ಕೂಡಲೇ ಬಂದಿತ್ತು. ಹೀಗಾಗಿ 'ಹಳ್ಳ' ಎಂಬ ಪದ 'ಹವೆ'ಗಿಂತ ಮುಂದೆ ಕೂತಿತ್ತು. ಕಂಪ್ಯೂಟರ್ ತನ್ನ ಪಾಡಿಗೆ ಬಿಟ್ಟರೆ ಹಾಗೆಯೇ ಜೋಡಿಸುತ್ತದೆ. ಅದನ್ನು ಸರಿಪಡಿಸುವ ಕೆಲಸ ಮೇಷ್ಟ್ರದ್ದು. ಅವರ ಮೇಜು ನನ್ನ ಮೇಜಿನಿಂದ ಹನ್ನೊಂದು ಹೆಜ್ಜೆ. ಎದ್ದು ಹೋಗಿ ಹೇಳಲು ನನಗೆ ಬಾಯಿ ಬರಲಿಲ್ಲ. ಕೆಂಪು ಶಾಯಿಯಲ್ಲಿ ಗುರುತು ಹಾಕಿ ಟ್ರೇಯಲ್ಲಿಟ್ಟೆ. ಟ್ರೇ ಮೊದಲು ಹೋದದ್ದು ವ್ಯವಸ್ಥಾಪಕರ ಕೋಣೆಗೆ.

4.20ಕ್ಕೆ ವ್ಯವಸ್ಥಾಪಕರು ಹೊರಗೆ ಬಂದು ಹದಿನಾಲ್ಕು ಜನರ ಮುಂದೆ, "ಒಂದನೇ ಕ್ಲಾಸಿನ ಮಗೂನ ಕೇಳಿದ್ರೂ ಳ ಎಲ್ಲಿ ಬರುತ್ತೆ ಅಂತ ಹೇಳುತ್ತೆ. ನಿಮಗೆ ಹೇಳಿಕೊಡೋಕೆ ಯಾರನ್ನ ಕರೆಸ್ಲಿ, ಮೇಷ್ಟ್ರೇ?" ಎಂದರು. ಇಬ್ಬರು ನಕ್ಕರು. ಮೇಷ್ಟ್ರೂ ಸ್ವಲ್ಪ ನಕ್ಕರು. 5.10ಕ್ಕೆ ಎದ್ದು ಹೋದರು. ಫೋನು, ಓದುವ ಕನ್ನಡಕ ಎರಡೂ ಮೇಜಿನ ಮೇಲೇ ಉಳಿದವು. ಅವರು ಮನೆ ಸೇರಲಿಲ್ಲ.

ಸೋಮವಾರದಿಂದ ಅಕ್ಕ ದಿನಾ 9.30ಕ್ಕೆ ಬಂದು, ಕನ್ನಡಕದ ಗಾಜು ಒರೆಸಿ, ಇದ್ದಲ್ಲೇ ಇಟ್ಟು ಹೋಗುತ್ತಿದ್ದರು. ಮನೆಗೆ ಒಯ್ಯಬಾರದೇ ಎಂದು ಟೈಪ್ ಮಾಡುವ ಹುಡುಗಿಯೊಬ್ಬಳು ಕೇಳಿದ್ದಕ್ಕೆ, ಮನೆಗೆ ಬರದಿದ್ದರೂ ಕೆಲಸಕ್ಕೆ ಬಂದಾರು ಎಂದರು.

ತಾರೀಖು 15, ಗುರುವಾರ, ಬೆಳಿಗ್ಗೆ 10.40ಕ್ಕೆ ಕಂಪ್ಯೂಟರ್ ವಿಪರೀತ ನಿಧಾನವಾಯಿತು. ಆಮೆಯಾದರೂ ಈ ಹೊತ್ತಿಗೆ ಊಟ ಮುಗಿಸಿ ಬರುತ್ತಿತ್ತೆಂದು ಯಾರೋ ಅಂದರು. ಮೇಷ್ಟ್ರು ರಜೆಯಲ್ಲಿದ್ದಾಗ ನಿಭಾಯಿಸುವಷ್ಟನ್ನು ನನಗೆ ಕಲಿಸಿ, ಮುಖ್ಯ ಪಾಸ್‌ವರ್ಡನ್ನು ಲಕೋಟೆಯಲ್ಲಿ ಕೊಟ್ಟಿದ್ದರು. ಕಪ್ಪು ಪರದೆಯಲ್ಲಿ 'ಟಾಪ್' ಎಂಬ ಆಜ್ಞೆ ಕೊಟ್ಟರೆ ಒಳಗೆ ಓಡುತ್ತಿರುವ ಕೆಲಸಗಳ ಪಟ್ಟಿ ಬರುತ್ತದೆ: ಕೆಲಸದ ಸಂಖ್ಯೆ, ಯಾರದ್ದು, ಯಂತ್ರದ ಶಕ್ತಿಯಲ್ಲಿ ಎಷ್ಟು ತಿನ್ನುತ್ತಿದೆ. ಮೊದಲ ಸಾಲಿನಲ್ಲಿ 4471, ನೂರಕ್ಕೆ 97, ಮೇಷ್ಟ್ರ ಹೆಸರು. ಹಿಂದೆ ಬಿಟ್ಟು ಹೋದ ಕೆಲಸವಿರಬೇಕು ಎಂದುಕೊಂಡೆ. ಶುರುವಾದ ಹೊತ್ತು ನೋಡಿದೆ. ಅದೇ ದಿನ 10.22. ಅವರದೇ ಹೆಸರಿನಲ್ಲಿ ಇನ್ನೊಂದು ಸಾಲು, 4402. ಅದು ಅವರು ಹೊರಗಿನಿಂದ, ಇಂಟರ್‌ನೆಟ್ ಮೂಲಕ, ನಮ್ಮ ಕಂಪ್ಯೂಟರಿನೊಳಗೆ ಬಂದ ಬಾಗಿಲು. ಅಂದರೆ ಮೇಷ್ಟ್ರು ಎಲ್ಲೋ ಒಂದು ಕುರ್ಚಿಯಲ್ಲಿ ಕೂತಿದ್ದರು.

ಹಾಗೆ ಒಳಗಿರುವವರ ಪರದೆಗೆ ಒಂದು ಸಾಲು ಬರೆದು ಕಳಿಸಬಹುದು. 10.44ಕ್ಕೆ ಬರೆಯತೊಡಗಿದೆ. 'ಎಲ್ಲಿದ್ದೀರಿ' ಎಂದು ಬರೆದು, ವಿಚಾರಣೆಯಂತಿದೆ ಎಂದು ಅಳಿಸಿದೆ. 'ತಪ್ಪು ನನ್ನದು' ಎಂದು ಬರೆದು, ಅದು ನನ್ನ ಸಮಾಧಾನಕ್ಕೆ ಎನಿಸಿ ಅಳಿಸಿದೆ. 10.53ಕ್ಕೆ ಪರದೆಯ ಮೇಲೆ 'ಮೇಷ್ಟ್ರೇ, ಅಕ್ಕ' ಎಂದಷ್ಟೇ ಇತ್ತು. ಎಂಟರ್ ಒತ್ತಿರಲಿಲ್ಲ.

ಅಷ್ಟರಲ್ಲಿ ವ್ಯವಸ್ಥಾಪಕರು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ಮೇಷ್ಟ್ರು ಸಿಕ್ಕಿದ್ದಾರೆ ಸಾರ್ ಎಂದೆ. ಅವರು ಪಟ್ಟಿ ನೋಡಿ, ಸಿಟ್ಟಿನಲ್ಲಿ ಹನ್ನೆರಡು ವರ್ಷದ ಕೆಲಸ ಅಳಿಸುತ್ತಿದ್ದಾನೆ, ಬುಡ ಸಮೇತ ಕಿತ್ತುಹಾಕು ಎಂದರು. ಏನು ಮಾಡುತ್ತಿದ್ದಾರೆಂದು ಮೊದಲು ನೋಡುತ್ತೇನೆ, ಎರಡು ನಿಮಿಷ ಕೊಡಿ ಎಂದೆ. ಅದು ಅವರಿಗೆ ಕೇಳಿಸುವಷ್ಟು ಜೋರಾಗಿರಲಿಲ್ಲ.

ಓಡುವ ಕೆಲಸವನ್ನು ನಿಲ್ಲಿಸುವ ಆಜ್ಞೆಯ ಹೆಸರು 'ಕಿಲ್'. ಕಲಿಯುವಾಗ ನಾನು ಹೆದರಿದ್ದಕ್ಕೆ ಮೇಷ್ಟ್ರು, "ಇದು ಕೊಲ್ಲೋದಲ್ಲಮ್ಮ, ಹೇಳಿ ಕಳಿಸೋದು. ಕೈಲಿರೋದು ಮುಗಿಸಿ ಎದ್ದು ಬಾ ಅಂತ. ಒಂಬತ್ತು ಅಂತ ಸೇರಿಸಿದ್ರೆ ಮಾತ್ರ ಮಾತಿಲ್ಲ, ಕತೆಯಿಲ್ಲ" ಎಂದಿದ್ದರು. ವ್ಯವಸ್ಥಾಪಕರಿಗೆ ಒಂಬತ್ತರ ವಿಷಯ ಗೊತ್ತಿತ್ತು, ಅದನ್ನೇ ಹಾಕು ಎಂದರು. 10.56ಕ್ಕೆ 4471 ಮತ್ತು 4402, ಎರಡಕ್ಕೂ ಒಂಬತ್ತು ಹಾಕಿದೆ. 10.58ಕ್ಕೆ, ಮತ್ತೆ ಒಳಗೆ ಬರದಂತೆ, ಮೇಷ್ಟ್ರ ಹೆಸರಿಗೆ ಬೀಗ ಹಾಕಿದೆ. ಕಂಪ್ಯೂಟರ್ ಸರಾಗವಾಯಿತು. ಟೈಪ್ ಮಾಡುವವರು ನನಗೆ ಚಪ್ಪಾಳೆ ತಟ್ಟಿದರು.

11.05ಕ್ಕೆ ಅವರು ಎಲ್ಲಿಂದ ಬಂದಿದ್ದರೆಂಬ ದಾಖಲೆ ತೆಗೆದು ಠಾಣೆಗೆ ಫೋನ್ ಮಾಡಿದೆ. ಅದು ಬಸ್ ನಿಲ್ದಾಣದ ಎದುರಿನ ಇಂಟರ್‌ನೆಟ್ ಅಂಗಡಿಯದು. ನಮ್ಮ ಕಚೇರಿಯಿಂದ 2.3 ಕಿಲೋಮೀಟರ್. ಹೆಡ್ ಕಾನ್‌ಸ್ಟೇಬಲ್, ಅಕ್ಕ ಮತ್ತು ನಾನು ಅಲ್ಲಿಗೆ ತಲುಪಿದಾಗ 12.40.

ಅಂಗಡಿಯವರು ತಿಳಿಸಿದ್ದು: ಆರನೇ ಕುರ್ಚಿಯಲ್ಲಿ ಒಬ್ಬರು ಮೂಗು ತಾಗುವಷ್ಟು ಹತ್ತಿರದಿಂದ ಪರದೆ ನೋಡುತ್ತಿದ್ದರು. ಹನ್ನೊಂದರ ಸುಮಾರಿಗೆ ಅದು ನಿಂತುಹೋಯಿತು. ಮೂರು ಸಲ ಪಾಸ್‌ವರ್ಡ್ ಹೊಡೆದು, ಕನ್ನಡಕ ಇಲ್ಲ, ತಪ್ಪು ಒತ್ತುತ್ತಿದ್ದೇನೋ ಏನೋ, ನೀವೇ ಒತ್ತಿ ಎಂದು ಅಂಗಡಿಯವರನ್ನು ಕರೆದರು. ಅವರು ಒತ್ತಿದಾಗಲೂ ತೆರೆಯಲಿಲ್ಲ. "ಸರಿ ಬಿಡಿ, ತೆಗೆದುಬಿಟ್ಟಿದ್ದಾರೆ ನನ್ನನ್ನ" ಎಂದು 11.10ಕ್ಕೆ ಎದ್ದು ಹೋದರು. ಯಾವ ಕಡೆಗೆ ಎಂದು ಅಂಗಡಿಯವರು ನೋಡಿಲ್ಲ. ಅಕ್ಕ ಆರನೇ ಕುರ್ಚಿಯಲ್ಲಿ ಕೂತು, ಅಕ್ಷರ ಇಷ್ಟು ಸಣ್ಣದಾ ಎಂದು ಮಾತ್ರ ಕೇಳಿದರು.

2.50ಕ್ಕೆ ಕಚೇರಿಗೆ ಬಂದು, 4471 ಏನು ಮಾಡುತ್ತಿತ್ತೆಂದು ನೋಡಿದೆ. ಅದು ಯಾವುದನ್ನೂ ಅಳಿಸುತ್ತಿರಲಿಲ್ಲ. ಇಡೀ ನಿಘಂಟನ್ನು ಒಂದೊಂದೇ ಅಕ್ಷರವಾಗಿ ಹೊಸದಾಗಿ ಜೋಡಿಸುತ್ತಿತ್ತು. ಅ ಇಂದ ಸ ವರೆಗೆ ಮುಗಿದಿತ್ತು. ನಲವತ್ತು ಪುಟ ಓದಿದೆ, ಎಲ್ಲೂ ತಪ್ಪಿಲ್ಲ. ಹ ಮತ್ತು ಳ ಉಳಿದಿವೆ.

ಯಾರನ್ನೂ ಕೇಳದೆ 3.35ಕ್ಕೆ ಮೇಷ್ಟ್ರ ಹೆಸರಿನ ಬೀಗ ತೆಗೆದಿದ್ದೇನೆ. ಅಲ್ಲಿಂದ ಕಚೇರಿಯಲ್ಲಿದ್ದಷ್ಟು ಹೊತ್ತೂ ಹತ್ತು ನಿಮಿಷಕ್ಕೊಮ್ಮೆ ಪಟ್ಟಿ ನೋಡುತ್ತಿದ್ದೇನೆ. ಅವರ ಹೆಸರು ಬಂದಿಲ್ಲ. ಕಳಿಸಬೇಕಾದ ಸಾಲನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ: ಮೇಷ್ಟ್ರೇ, ಅಕ್ಕ ಕಾಯ್ತಿದ್ದಾರೆ, ಬನ್ನಿ.

'ಕಿಲ್' ಎಂಬ ಪದ ಪೊಲೀಸ್ ಕಾಗದದಲ್ಲಿ ಬೇರೆ ಅರ್ಥ ಕೊಡುತ್ತದೆ, 'ನಿಲ್ಲಿಸಿದೆ' ಎಂದು ಬದಲಿಸಿ ಎಂದು ಹೆಡ್ ಕಾನ್‌ಸ್ಟೇಬಲ್ ಸೂಚಿಸಿದರು. ನಾನು ಒಪ್ಪಲಿಲ್ಲ.

ಇದನ್ನು ಯಾರ ಒತ್ತಾಯವೂ ಇಲ್ಲದೆ ನನ್ನ ಕೈಯಾರೆ ಬರೆದು ಎರಡು ಸಲ ಓದಿ ನೋಡಿದ್ದೇನೆ. ಎಲ್ಲವೂ ನಡೆದ ಹಾಗೇ ಇದೆ. ತಿದ್ದುವಂಥದ್ದು ನನಗೆ ಏನೂ ಕಾಣಲಿಲ್ಲ.

ಸ್ಥಳ: ಪೊಲೀಸ್ ಠಾಣೆ
ತಾರೀಖು: 16, ಶುಕ್ರವಾರ, ಸಂಜೆ 5.10
(ಸಹಿ)