ಬರೆಯದೇ ಉಳಿದ ಮೃತ್ಯುಪತ್ರ

ಶರಣ ಬಂಧುಗಳೇ, ತಾಯಂದಿರೇ, ಮೆಣಸಿನಕಾಯಿ ಸೀಮೆಯ ಒಂದು ಊರು ಅಂತ ಇಟ್ಟುಕೊಳ್ಳಿ. ಆ ಊರಿಗೊಬ್ಬ ಸಾವುಕಾರ, ಹೆಸರು ಮುರಿಗೆಪ್ಪ. ಪೇಟೆಯಲ್ಲಿ ದಲಾಲಿ ಅಂಗಡಿ, ಅದರ ಹಿಂದೆ ಗೋದಾಮು, ಊರ ಹೊರಗೆ ಎರೆಹೊಲ. ಅಪ್ಪ ಬಿಟ್ಟುಹೋದದ್ದಲ್ಲ, ಎಲ್ಲ ತಾನೇ ಗಳಿಸಿದ್ದು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಗಂಡುಮಕ್ಕಳು ಇಬ್ಬರು, ಅವರ ಬೆನ್ನಿಗೆ ಹುಟ್ಟಿದ ಮಗಳು ನೀಲವ್ವ.

ನೀಲವ್ವನಿಗೆ ಮೂವತ್ತು ದಾಟಿತ್ತು. ಬುದ್ಧಿ ಮಾತ್ರ ಸಣ್ಣ ಕೂಸಿನದು. ಹಾಲಿನಲ್ಲಿ ರೊಟ್ಟಿ ನೆನೆಸಿ ಅಪ್ಪ ತುತ್ತು ಮಾಡಿ ಕೊಟ್ಟರೆ ಉಣ್ಣುವಳು. ಅಪ್ಪ ಪೇಟೆಗೆ ಹೋದಾಗ ದುರಗವ್ವ ಕೊಟ್ಟರೆ ಉಣ್ಣುವಳು. ಮೂರನೆಯವರ ಕೈ ಕಂಡರೆ ಬಾಯಿ ಬಿಗಿಹಿಡಿದು ಕೂಡುವಳು. ಈ ದುರಗವ್ವ ಯಾರು? ಬಂಧುವಲ್ಲ, ಬಳಗವಲ್ಲ. ಅಡುಗೆ ಮಾಡಲು ಬಂದ ಹೆಣ್ಣುಮಗಳು. ತಾಯಿಲ್ಲದ ಆ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ತಲೆಗೆ ನೀರೆರೆದು, ಹೆರಳು ಹಾಕಿ, ತನ್ನ ಸಂಸಾರವನ್ನೇ ಮರೆತು ಆ ಮನೆಯಲ್ಲಿ ಹಣ್ಣಾದವಳು.

ಮುರಿಗೆಪ್ಪನ ಗೆಳೆಯರೊಬ್ಬರು, ಹೊಸಮನಿ ವಕೀಲರು, ಮೇಲಿಂದ ಮೇಲೆ ಹೇಳುತ್ತಿದ್ದರು: "ಸಾವುಕಾರ್ರ, ಒಂದು ಮೃತ್ಯುಪತ್ರ ಬರದಿಡ್ರಿ. ನೀಲವ್ವನ ಹೆಸರಿಲೆ ಒಂದು ಟ್ರಸ್ಟ್ ಮಾಡ್ರಿ. ಗೋದಾಮಿನ ಬಾಡಗಿ ಆಕಿ ಊಟಕ್ಕ, ಔಷಧಕ್ಕ ಹೋಗಲಿ. ಹಿತ್ತಲಮನಿಯೊಳಗ ಆಕಿ, ದುರಗವ್ವ ಇಬ್ಬರೂ ಇರಲಿ."

"ನಾ ಬರೀದಿದ್ರ ನನ್ನ ಮಗಳಿಗೆ ಪಾಲು ಬರೂದಿಲ್ಲೇನ್ರಿ?"

"ಬರತೈತಿ. ಆದ್ರ ಆಕಿಗೆ ಸಹಿ ಮಾಡಾಕ ಬರೂದಿಲ್ಲ. ನಿಮ್ಮ ಹಿಂದ ಆಕಿ ಹೆಬ್ಬೆಟ್ಟು ಯಾರ ಕೈಯಾಗ ಇರತೈತೋ, ಪಾಲು ಅವರದು."

ಸಾವುಕಾರ ನಕ್ಕುಬಿಟ್ಟ. "ಹೆಸರs ಮೃತ್ಯುಪತ್ರ. ಬದುಕಿದ್ದಾಗ ಅದನ್ಯಾಕ ಕರೀಬೇಕ್ರಿ? ಸುಗ್ಗಿ ಮುಗೀಲಿ, ನೋಡೂಣು."

ಸುಗ್ಗಿ ಮುಗಿಯಿತು. ದೀಪಾವಳಿ ಆಗಲಿ ಎಂದ. ದೀಪಾವಳಿಯೂ ಆಯಿತು. ನೋಡಿ, ಅವನು ದಡ್ಡನಲ್ಲ. ಮೆಣಸಿನಕಾಯಿಯನ್ನು ಮೂಗಿನ ಹತ್ತಿರ ಹಿಡಿದು ಅದು ಯಾವ ಹೊಲದ್ದು ಎಂದು ಹೇಳುವವನು. ಸಾವಿಗೂ ಅಷ್ಟು ಹೆದರಿದವನಲ್ಲ. ಅವನಿಗಿದ್ದ ಅಂಜಿಕೆ ಬೇರೆ. ಮಗಳಿಗೆಂದು ಬೇರೆ ಕಾಗದ ಮಾಡಿಸಿದರೆ ಗಂಡುಮಕ್ಕಳ ಮೇಲೆ ನಂಬಿಕೆ ಇಲ್ಲ ಎಂದಂತಾಗುವುದಿಲ್ಲವೇ? ಮನೆಯಲ್ಲಿ ಮನಸ್ಸು ಮುರಿಯುವುದಿಲ್ಲವೇ? ಹೀಗಾಗಿ ಬಾಯಿಮಾತಿನಲ್ಲೇ ಹೇಳಿಬಿಟ್ಟ: "ದುರಗವ್ವ, ಹಿತ್ತಲಮನಿ ನಿಮ್ಮಿಬ್ಬರದವಾ. ನಾ ಅದೀನಲ್ಲ." ಮಕ್ಕಳೂ ಕೇಳಿಸಿಕೊಂಡರು, ಸೊಸೆಯಂದಿರೂ ಕೇಳಿಸಿಕೊಂಡರು. ತಲೆಯನ್ನೂ ಆಡಿಸಿದರು.

ಒಂದು ಮುಂಜಾನೆ ಸ್ನಾನ ಮಾಡಿ ವಿಭೂತಿ ಧರಿಸುತ್ತಿದ್ದವನ ಕೈ ಹಣೆಯ ಮೇಲೆ ನಿಲ್ಲಲಿಲ್ಲ. ಜಾರಿ ಬಿತ್ತು. ಅದರ ಹಿಂದೆಯೇ ಅವನೂ ಬಿದ್ದ. ದವಾಖಾನೆಗೆ ಒಯ್ದರು, ಜೀವ ಉಳಿಯಿತು. ಬಲಗಡೆಯ ಕೈಕಾಲು ಹೋದವು. ಮಾತೂ ಹೋಯಿತು. ಏನು ಹೇಳಲು ಹೋದರೂ ಒಂದೇ ಮಾತು ಹೊರಗೆ ಬರುತ್ತಿತ್ತು: "ಬ್ಯಾಡ." ನೀರು ಬೇಕೆಂದರೂ ಬ್ಯಾಡ. ಮಗಳನ್ನು ಕರೆಯಹೋದರೂ ಬ್ಯಾಡ. ಡಾಕ್ಟರು ಮನೆಯವರಿಗೆ ತಿಳಿಸಿ ಹೇಳಿದರು: "ಇವರಿಗೆ ಎಲ್ಲಾ ಕೇಳಸ್ತದ, ತಿಳೀತದ. ಮನಸಿನ ಮಾತು ಬಾಯಿಗೆ ಬರೂದಿಲ್ಲ, ಅಷ್ಟ."

ಅಷ್ಟ! ಬಂಧುಗಳೇ, ಸತ್ತವನಿಗೆ ಒಂದು ಸುಖವಿದೆ. ತನ್ನ ಹಿಂದೆ ಏನಾಯಿತೆಂದು ಅವನು ನೋಡಬೇಕಾಗಿಲ್ಲ. ಮುರಿಗೆಪ್ಪನಿಗೆ ಆ ಸುಖವೂ ಸಿಗಲಿಲ್ಲ. ಪಡಸಾಲೆಯ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದ.

ಹಿರಿಯ ಮಗ ಗದಿಗೆಪ್ಪ ಕಿರಿಯನಿಗೆ ಹೇಳುವುದು ಕೇಳಿಸಿತು: "ಹಿತ್ತಲಮನಿ ಸುಮ್ಮನ ಬಿದ್ದೈತಿ. ಮಾಲು ಇಡಾಕ ಜಾಗಾ ಸಾಲವಲ್ದು." ಸೊಸೆ ಅನ್ನುವುದು ಕೇಳಿಸಿತು: "ಮಾವಾರದು ಮಾಡೂದs ಮುಗೀವಲ್ದು. ನೀಲವ್ವಂದು ಯಾರು ಮಾಡಬೇಕು? ದುರಗವ್ವಗೂ ವಯಸ್ಸಾತು. ನಾಳೆ ಆಕಿ ಬಿದ್ರ ಆಕೀನೂ ನಾವs ನೋಡಬೇಕನು?" ಇವರನ್ನು ರಾಕ್ಷಸರು ಅಂದುಕೊಳ್ಳಬೇಡಿ. ನಿಮ್ಮ ಮನೆಯಲ್ಲೂ ಇಂಥ ಮಾತು ಬರುತ್ತದೆ. ದಣಿದವರ ಮಾತು ಅದು. ಮಂಚದ ಮೇಲಿನವನು ಮೈಯೆಲ್ಲ ಒಟ್ಟುಮಾಡಿ ಕೂಗಿದ: "ಬ್ಯಾಡ! ಬ್ಯಾಡ!" ಸೊಸೆ ಓಡಿಬಂದು ಹೊದಿಕೆ ಸರಿಮಾಡಿ ಹೋದಳು.

ದುರಗವ್ವ ತಾನೇ ಹೋಗಿ ಹೊಸಮನಿ ವಕೀಲರ ಕಾಲು ಹಿಡಿದಳು. ವಕೀಲರು ಬಂದು ಮಂಚದ ಪಕ್ಕದಲ್ಲಿ ಕೂತರು. ಮಕ್ಕಳೂ ನಿಂತಿದ್ದರು.

"ಸಾವುಕಾರ್ರ, ಗೋದಾಮು, ಹಿತ್ತಲಮನಿ ನೀಲವ್ವನ ಹೆಸರಿಲೆ ಬರೀಲೇನ್ರಿ?"

ಎಡಗೈಯಿಂದ ವಕೀಲರ ಅಂಗಿ ಹಿಡಿದು ಎಳೆದ. ಹೌದು ಅನ್ನಬೇಕು, ಬರಿ ಅನ್ನಬೇಕು. "ಬ್ಯಾಡ" ಅಂದ.

"ಮಾತು ಬಿಡ್ರಿ. ಹೌದಾದ್ರ ತಲಿ ಆಡಸ್ರಿ."

ತಲೆ ಆಡಿತು. ವಕೀಲರ ಮುಖ ಅರಳಿತು. ಆದರೂ ಪರೀಕ್ಷೆ ಮಾಡಬೇಕಲ್ಲ? "ನಿಮ್ಮ ಹೆಸರು ಬಸಲಿಂಗಪ್ಪ ಏನ್ರಿ?" ಎಂದು ಕೇಳಿದರು. ನಾಲಿಗೆಯಂತೆ ತಲೆಯೂ ಅವನ ಹಿಡಿತದಲ್ಲಿರಲಿಲ್ಲ, ಮತ್ತೆ ಹಾಗೆಯೇ ಆಡಿತು. ಕೇಳಿದ್ದಕ್ಕೆಲ್ಲ ಹಾಗೆಯೇ ಆಡಿತು. ವಕೀಲರು ಕಣ್ಣೊರೆಸಿಕೊಂಡರು. "ಇವರ ಮನಸಿನಾಗ ಏನೈತಿ ಅಂತ ನನಗ ಗೊತ್ತೈತಿ. ಆದ್ರ ನನಗ ಗೊತ್ತಿದ್ರ ಆಗೂದಿಲ್ಲ, ಇವರs ಹೇಳಬೇಕು."

"ಅಪ್ಪನs ಬ್ಯಾಡ ಅಂದಮ್ಯಾಲ ಮುಗೀತಲ್ರಿ" ಎಂದ ಗದಿಗೆಪ್ಪ.

ದುರಗವ್ವನ ಕೈಗೆ ಒಂದು ಸೀರೆ ಕೊಟ್ಟು ಕಳಿಸಿದರು. ನೀಲವ್ವನಿಗಾಗಿ ದೂರದ ಪಟ್ಟಣದಲ್ಲಿ ಇಂಥವರನ್ನೇ ಇಟ್ಟುಕೊಳ್ಳುವ ಒಂದು ಆಶ್ರಮ ನೋಡಿದರು. ಹೊರಡುವ ದಿನ ಹೊಸ ಅಂಗಿ ತೊಡಿಸಿದರು. ಎಲ್ಲಿಗೆ ಹೋಗುವುದಿದ್ದರೂ ಅಪ್ಪನನ್ನು ಕೇಳಿ ಹೋಗುವುದು ಅವಳ ರೂಢಿ. ಮಂಚದ ಹತ್ತಿರ ಬಂದಳು.

"ಅಪ್ಪಾ, ಹೋಗಲ್ಯಾ?"

"ಬ್ಯಾಡ" ಎಂದ ಮುರಿಗೆಪ್ಪ.

ಕೇಳಿದಿರಾ? ಅಷ್ಟು ದಿನ ಬಾಯಿಗೆ ತಪ್ಪಾಗಿ ಬರುತ್ತಿದ್ದ ಮಾತು ಆ ಗಳಿಗೆಯಲ್ಲಿ ಅವನ ಜೀವದ ಮಾತಾಗಿ ಬಂದಿತ್ತು. ಯಾರು ನಂಬಬೇಕು? ಮಕ್ಕಳು ನಂಬಲಿಲ್ಲ. ಸೊಸೆಯಂದಿರು ನಂಬಲಿಲ್ಲ. ಬುದ್ಧಿ ಇಲ್ಲದವಳು ಅಂತ ಊರು ಕರೆಯುವ ಆ ಹುಡುಗಿ ನಂಬಿದಳು. "ಅಪ್ಪ ಬ್ಯಾಡ ಅಂದ" ಎನ್ನುತ್ತ ಮಂಚದ ಕಾಲು ತಬ್ಬಿಕೊಂಡು ನೆಲಕ್ಕೆ ಕೂತಳು. ಅಣ್ಣಂದಿರು ಅವಳ ಬೆರಳನ್ನು ಒಂದೊಂದಾಗಿ ಬಿಡಿಸಿದರು. ಕಾರಿನ ಬಾಗಿಲು ಹಾಕಿದ ಮೇಲೂ ಅವಳ ಕೂಗು ಪಡಸಾಲೆಗೆ ಕೇಳುತ್ತಿತ್ತು.

ಮುರಿಗೆಪ್ಪ ಆಮೇಲೂ ಬದುಕಿದ್ದ. ಮಾಘಮಾಸದಲ್ಲಿ ಲಿಂಗೈಕ್ಯನಾದ. ಗಾಬರಿಯಾಗುತ್ತಾಳೆಂದು ಮಗಳನ್ನು ಮಣ್ಣಿಗೂ ಕರೆಸಲಿಲ್ಲ. ಕಲ್ಯಾಣ ಮಂಟಪವೊಂದರಲ್ಲಿ ಪಾತ್ರೆ ತಿಕ್ಕುತ್ತಿದ್ದ ದುರಗವ್ವ ಒಮ್ಮೆ ಬಸ್ಸು ಹತ್ತಿ, ಹಾಲು ರೊಟ್ಟಿ ಕಟ್ಟಿಕೊಂಡು ಆಶ್ರಮದ ಬಾಗಿಲಿಗೆ ಹೋದಳು. ಕಾವಲುಗಾರ ಕೇಳಿದ: "ನೀ ಆಕಿಗೆ ಏನಾಗಬೇಕವಾ?" ದುರಗವ್ವನನ್ನು ಒಳಗೆ ಬಿಡಲಿಲ್ಲ. ಏನಾಗಬೇಕು ಎಂದು ಯಾವ ಕಾಗದವೂ ಹೇಳುವುದಿಲ್ಲವಲ್ಲ? ಮಧ್ಯಾಹ್ನದವರೆಗೂ ಬಿಸಿಲಿನಲ್ಲಿ ಕೂತು ಹಾಲು ಒಡೆದುಹೋದ ಮೇಲೆ ಎದ್ದು ಬಂದಳು. ನೀಲವ್ವ ಈಗಲೂ ಅಲ್ಲಿದ್ದಾಳೆ. ಯಾರ ಕೈಯಿಂದ ಉಣ್ಣುತ್ತಾಳೋ, ಉಣ್ಣುತ್ತಾಳೋ ಇಲ್ಲವೋ, ನನಗೆ ತಿಳಿಯದು.

ಇದರಲ್ಲಿ ಸಮಾಧಾನ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ನಾನೂ ಹುಡುಕಿದ್ದೇನೆ, ಸಿಕ್ಕಿಲ್ಲ.

ಗದಿಗೆಪ್ಪನನ್ನು ಬೈಯುತ್ತ ಮನೆಗೆ ಹೋಗಬೇಡಿ. ಅದು ಬಹಳ ಸುಲಭ. ಮಗಳ ಮೇಲೆ ಜೀವ ಇಟ್ಟಿದ್ದವನೇ ಅವಳನ್ನು ಬೀದಿಗೆ ಬಿಟ್ಟ. ಹೇಗೆ? ನಾಳೆ ಮಾಡೋಣ ಎಂದು. ಮಕ್ಕಳ ಮನಸ್ಸು ನೊಂದೀತು ಎಂದು. ನೀವೂ ಅದನ್ನೇ ಹೇಳುತ್ತಿಲ್ಲವೇ? ನಿಮ್ಮ ಮನೆಯಲ್ಲಿ ನೀಲವ್ವ ಇಲ್ಲದಿರಬಹುದು. ಮಕ್ಕಳಿಲ್ಲದ ವಿಧವೆ ತಂಗಿ ಇದ್ದಾಳೆ. ಕಣ್ಣಿಲ್ಲದ ತಮ್ಮ ಇದ್ದಾನೆ. ನಿಮ್ಮ ಬಾಯಿಮಾತನ್ನೇ ನಂಬಿ ಕೂತ ಹೆಂಡತಿ ಇದ್ದಾಳೆ.

ಪ್ರೀತಿ ಇದೆ ಅನ್ನುತ್ತೀರಿ. ಬರೆಯಿರಿ. ಬುದ್ಧಿ ನೆಟ್ಟಗಿರುವಾಗ, ನಾಲಿಗೆ ಹೊರಳುವಾಗ, ಬೆರಳು ಪೆನ್ನು ಹಿಡಿಯುವಾಗ ಬರೆಯಿರಿ. ಅದಕ್ಕೆ ಬಿಳಿ ಹಾಳೆ ಸಾಕು. ನಿಮ್ಮ ಆಸ್ತಿಯಲ್ಲಿ ಏನೂ ಪಾಲಿಲ್ಲದ ಇಬ್ಬರನ್ನು ಎದುರಿಗೆ ಕೂಡಿಸಿ, ಅವರ ಮುಂದೆ ಸಹಿ ಮಾಡಿ, ಅವರ ಸಹಿಯನ್ನೂ ಹಾಕಿಸಿ. ನೋಂದಣಿ ಮಾಡಿಸಿದರೆ ಇನ್ನೂ ಗಟ್ಟಿ. ತನ್ನ ಕಾಲ ಮೇಲೆ ತಾನು ನಿಲ್ಲಲಾರದವರು ಮನೆಯಲ್ಲಿದ್ದರೆ ತಿಳಿದ ವಕೀಲರ ಹತ್ತಿರ ಹೋಗಿ ಟ್ರಸ್ಟ್ ಮಾಡಿಸಿ. ಆಸ್ತಿ ಯಾರು ನೋಡಿಕೊಳ್ಳಬೇಕು, ಅವರು ತಪ್ಪಿದರೆ ಯಾರು ಕೇಳಬೇಕು, ಆ ಜೀವ ಯಾರ ಮಗ್ಗುಲಲ್ಲಿ ಮಲಗಬೇಕು, ಹೆಸರು ಹಿಡಿದು ಬರೆಸಿ. ಆಮೇಲೆ ಮಕ್ಕಳನ್ನು ಕರೆದು ಅವರ ಮುಂದೆ ಓದಿ ಹೇಳಿ. ಸಿಟ್ಟಾದರೆ ಆಗಲಿ. ಅವರ ಸಿಟ್ಟಿಗೆ ಉತ್ತರ ಕೊಡಲು ಈಗ ನಿಮಗೆ ಬಾಯಿದೆ.

ಇವತ್ತು ಮನೆಗೆ ಹೋಗಿ ಉಣ್ಣಲು ಕೂತಾಗ ಒಮ್ಮೆ ಸುತ್ತ ನೋಡಿ. ನೀವಿಲ್ಲದಿದ್ದರೆ ಈ ಪಂಕ್ತಿಯಲ್ಲಿ ಯಾರ ಮುಂದೆ ತಾಟು ಬರುವುದಿಲ್ಲವೋ, ಅವರ ಹೆಸರಿನಿಂದ ಬರೆಯಲು ಶುರು ಮಾಡಿ.